ದಂಡೆಯ ಮೇಲಿನ ಉತ್ತಮ ಶಿಬಿರಾರ್ಥಿ

ನಮ್ಮೂರಿನ ಆರೋಗ್ಯ ಸಲಹೆಗಾರ್ತಿಗೆ ಕ್ಯಾನ್ಸರ್ ಜಾಗೃತಿಯ ತರಬೇತಿ ನಡೆದದ್ದು ಮೊಬೈಲಿನಲ್ಲಿ. ಶಹಾಪುರದಾಚೆಯ ನಮ್ಮ ಹಳ್ಳಿಯಲ್ಲಿ ಸಿಗ್ನಲ್ ಸಿಗುವುದು ಕಾಲುವೆ ದಂಡೆಯ ಮೇಲೆ ಮಾತ್ರ. ಅಲ್ಲಿ ತಲೆತುಂಬ ಸೆರಗು ಹೊದ್ದು ಒಂದು ವಾರ ಕೂತಳು. ಮೊಬೈಲು ಹಚ್ಚಿಕೊಡಲು ಶಾಲೆಯ ಮಾಸ್ತರನಾದ ನಾನು ಪಕ್ಕದಲ್ಲಿರುತ್ತಿದ್ದೆ.

ಪರದೆಯೊಳಗಿನ ಡಾಕ್ಟರು ಏನು ಹೇಳಿದರೂ ತಲೆಯಾಡಿಸುವಳು. ಪ್ರಶ್ನೆ ಕೇಳಿದರೆ ಮಾತ್ರ ಮೊಬೈಲನ್ನು ಬೋರಲು ಹಾಕಿ, ಬಾಯೊಳಗಿನ ತಂಬಾಕನ್ನು ಉಗುಳಿ, ನನ್ನತ್ತ ತಿರುಗುವಳು.

“ನೆಟ್‌ವರ್ಕ್ ಹೋಗ್ಯಾದ್ರಿ, ಮಾಸ್ತರ್.”

ಒಮ್ಮೆಯೂ ನಡುವೆ ಬಾಯಿ ಹಾಕದೆ ಪಾಠ ಕೇಳಿದ್ದಕ್ಕೆ ಉತ್ತಮ ಶಿಬಿರಾರ್ಥಿಯ ಪ್ರಮಾಣಪತ್ರ ಆಕೆಗೇ ಬಂತು.

ಮುಂದೆ ಬೆಳಕು ಬಿಡುವ ಬ್ಯಾಟರಿ ಹಿಡಿದು ಮನೆಮನೆಗೂ ಹೋಗಿ ಎಲ್ಲರ ಬಾಯಿ ತೆರೆಸಿದಳು. ನನ್ನದನ್ನೂ ಬಿಡಲಿಲ್ಲ.

“ಗಲ್ಲದ ಒಳಗ ಬೆಳ್ಳಗಾಗ್ಯಾದ್ರಿ. ಆ ಗುಟಕಾ ಬಿಡ್ರಿ. ನಾಳಿಗೇ ಯಾದಗಿರಿ ದವಾಖಾನಿಗೆ ನಡ್ರಿ.”

ತಾನೇ ಬಸ್ಸು ಹತ್ತಿಸಿ ಕರೆದೊಯ್ದಳು. ಬೇಗ ಬಂದದ್ದು ಒಳ್ಳೆಯದಾಯಿತು ಎಂದರು ದವಾಖಾನೆಯ ಡಾಕ್ಟರು.

ಮರಳುವಾಗ ಬಸ್ಸಿನಲ್ಲಿ ಆಕೆಯ ಬ್ಯಾಟರಿಯನ್ನು ನಾನು ಇಸಿದುಕೊಂಡೆ.

“ಈಗ ನೀ ಬಾಯಿ ತೆಗಿ, ಅಕ್ಕ.”

ಕಿಟಕಿಯಿಂದ ಹೊರಗೆ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡಳು. ಮೊಬೈಲು ಚೀಲದಲ್ಲಿತ್ತು.

“ನೆಟ್‌ವರ್ಕ್ ಹೋಗ್ಯಾದ್ರಿ, ಮಾಸ್ತರ್.”