ಕಾಗದ ಓದುವ ಯಂತ್ರವೂ ನನ್ನ ಮೊಮ್ಮಗಳೂ

ನನ್ನ ಮೊದಲ ಮೊಮ್ಮಗಳು ಹುಟ್ಟಿದ ವರ್ಷವೇ ಇಳಕಲ್ಲಿನ ಒಂದು ಕಲ್ಲಿನ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಎರಡರಲ್ಲಿ ದೊಡ್ಡ ಸುದ್ದಿ ಯಾವುದು ಎಂದು ಓಣಿಯಲ್ಲಿ ಕೇಳಿದ್ದರೆ ಎಲ್ಲರೂ ಕಂಪ್ಯೂಟರ್ ಎನ್ನುತ್ತಿದ್ದರು. ನನಗೆ ಮಾತ್ರ ಆ ಪ್ರಶ್ನೆಯೇ ಹುಚ್ಚುತನದ್ದು. ಕೂಸಿನ ಕಿರುಬೆರಳಿನ ಉಗುರು ನೋಡಿದ್ದೀರಾ? ಜೋಳದ ಕಾಳಿನ ಮೂತಿಯಷ್ಟು ಇತ್ತು. ಅದನ್ನು ನೋಡುತ್ತ ಕೂತರೆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ ಇದೆ ಎಂಬುದೂ ನನಗೆ ಮರೆತು ಹೋಗುತ್ತಿತ್ತು.

ನಾನು ನೇಕಾರ. ಮೂರನೇ ಇಯತ್ತೆಯವರೆಗೆ ಸಾಲಿ ಕಂಡವನು. ನನ್ನ ಮಗಳು ಹಾಗಲ್ಲ. ಬಾಗಲಕೋಟೆಯಲ್ಲಿ ಪದವಿ ಓದಿ, ಮೇಲೆ ಕಂಪ್ಯೂಟರ್ ಕಲಿತು, ಆ ಕಾರ್ಖಾನೆಯಲ್ಲಿ ಕೆಲಸ ಹಿಡಿದಿದ್ದಳು. ಹುನಗುಂದಕ್ಕೆ ಮದುವೆ ಮಾಡಿ ಕೊಟ್ಟಿದ್ದೆವು, ಬಾಣಂತನಕ್ಕೆ ನಮ್ಮ ಮನೆಗೆ ಬಂದಿದ್ದಳು. ಮೂರು ತಿಂಗಳು ತುಂಬುತ್ತಲೇ ಕೆಲಸಕ್ಕೆ ಕರೆ ಬಂತು. ಕಾರ್ಖಾನೆ ಊರ ಹೊರಗೆ. ಹಸಿದಾಗೊಮ್ಮೆ ಕೂಸನ್ನು ಎತ್ತಿಕೊಂಡು ಓಡುವುದು ಆಗದ ಮಾತು. ಆಕೆಯ ತಾಯಿಗೆ ಮೊಣಕಾಲು ನೋವು. ಆಗ ನಾನೇ ಹೇಳಿದೆ, "ನಾ ಕೂಸಿನ್ನ ತಗೊಂಡು ದಿನಾ ಅಲ್ಲೇ ಬಂದು ಕುಂದರ್ತೇನಿ." ಮಗ್ಗಕ್ಕೆ ಬಟ್ಟೆ ಮುಚ್ಚಿ ಹೊರಟೇಬಿಟ್ಟೆ. ಮಾಲೀಕರು ಒಳ್ಳೆಯವರು, ಬೇಡ ಎನ್ನಲಿಲ್ಲ.

ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಕಲ್ಲಿನ ಧೂಳು ಬಾರದಂತೆ ಬಾಗಿಲಿಗೆ ಎರಡು ಪದರದ ಪರದೆ. ಕಿಟಕಿಯ ಸರಳಿಗೂ ಎದುರಿನ ಗೂಟಕ್ಕೂ ಹಳೆಯ ಸೀರೆ ಕಟ್ಟಿ ಜೋಲಿ ಮಾಡಿದೆ. ಕೂಸು ಅದರಲ್ಲಿ, ನಾನು ಕೆಳಗೆ, ಮಗಳು ಯಂತ್ರದ ಮುಂದೆ. ನನ್ನ ಸುಖಕ್ಕೆ ಸಮ ಇರಲಿಲ್ಲ. ಮಗಳ ಮುಖದಲ್ಲಿ ಮಾತ್ರ ಸುಖವಿರಲಿಲ್ಲ.

ಆ ಕಾರ್ಖಾನೆ ಪರದೇಶಕ್ಕೆ ಗೋರಿಕಲ್ಲು ಮಾಡಿ ಕಳಿಸುತ್ತಿತ್ತು. ಕಲ್ಲಿನ ಮೇಲೆ ಕೆತ್ತುವ ಅಕ್ಷರ, ಹೂಬಳ್ಳಿ ಎಲ್ಲ ಅಲ್ಲಿಂದ ಕಾಗದದಲ್ಲಿ ಬರುತ್ತಿದ್ದವು. ಕಾಗದವನ್ನು ಗಾಜಿನ ಮೇಲೆ ಬೋರಲು ಇಟ್ಟರೆ ಓದಿ ಕಂಪ್ಯೂಟರಿಗೆ ಕೊಡುವ ಸ್ಕ್ಯಾನರ್ ತರಿಸಿದ್ದರು. ಕಂಪ್ಯೂಟರ್ ಅದನ್ನು ದೊಡ್ಡದು ಮಾಡಿ ಅಚ್ಚು ಹಾಕಬೇಕು, ಕೆತ್ತುವವರು ಅದನ್ನು ಕಲ್ಲಿಗೆ ಅಂಟಿಸಿಕೊಂಡು ಕೆತ್ತಬೇಕು. ಲೆಕ್ಕ ಸರಿಯೇ ಇತ್ತು. ಆದರೆ ಕಂಪ್ಯೂಟರಿಗೆ ಸ್ಕ್ಯಾನರ್ ಪಕ್ಕದಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ.

"ಎರಡಕ್ಕೂ ನಡುವ ಮಾತು ಮುಟ್ಟಸಾಕ ಡ್ರೈವರ್ ಅಂತ ಒಂದು ಬರಹ ಇರತೈತಪ್ಪಾ," ಎಂದು ಮಗಳು ಹೇಳಿದಳು. "ಸ್ಕ್ಯಾನರ್ ಕಂಪನಿಯವರು ಫ್ಲಾಪಿಯೊಳಗ ಕೊಟ್ಟಿದ್ದು ಬ್ಯಾರೆ ಕಂಪ್ಯೂಟರಿಂದು. ನಮ್ಮದು ನಡೆಯೂದು ಯೂನಿಕ್ಸ್ ಅನ್ನೂ ಬ್ಯಾರೆ ಪದ್ಧತಿ ಮ್ಯಾಲ. ಒಂದೊಂದ ಸಾಲು ತಿದ್ದಬೇಕು."

ತಿದ್ದಿದಳು. ಒಂದು ಅಂಕಿ ಬದಲಿಸಿದರೆ ಇಡೀ ವ್ಯವಸ್ಥೆಯನ್ನು ಮತ್ತೆ ಕಟ್ಟಬೇಕು, ಯಂತ್ರ ಆರಿಸಬೇಕು, ಮತ್ತೆ ಹಚ್ಚಬೇಕು. ಅಷ್ಟಕ್ಕೇ ಅರ್ಧ ತಾಸು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದ ಒಂದು ಸಾಲು ಮೂಡಿ ನಿಲ್ಲುತ್ತಿತ್ತು. "ಏನಂತೈತವಾ?" ಎಂದರೆ "ಇಲ್ಲ ಅಂತೈತಿ" ಎನ್ನುತ್ತಿದ್ದಳು. ಎಂಟು ದಿನ ಅದು ಇಲ್ಲ ಎಂದೇ ಹೇಳಿತು. ನನಗೆ ಎಂಥ ಸಿಟ್ಟು ಬರುತ್ತಿತ್ತೆಂದರೆ, ಆ ಪೆಟ್ಟಿಗೆಯನ್ನು ಕಲ್ಲು ಕೊಯ್ಯುವ ಗರಗಸದ ಕೆಳಗೆ ಇಟ್ಟು ಬರೋಣ ಅನಿಸುತ್ತಿತ್ತು. ಕೂಸು ಹಾಲಿಗೆ ಅತ್ತರೆ ಮಗಳು "ಒಂದ ನಿಮಿಷ, ಒಂದ ನಿಮಿಷ" ಎನ್ನುತ್ತಿದ್ದಳು. ಆ ಒಂದು ನಿಮಿಷದಲ್ಲಿ ನಾನು ಕೋಣೆಯನ್ನು ನಲವತ್ತು ಸುತ್ತು ಹಾಕಿದ್ದೇನೆ.

ಕಾರ್ಖಾನೆಯ ಹಳೆಯ ಕಾರಕೂನ ಬಾಗಿಲಲ್ಲಿ ನಿಂತು ಚೇಷ್ಟೆ ಮಾಡುತ್ತಿದ್ದ. "ಏನ್ರಿ ನೇಕಾರ್ರ, ಕೂಸು ಮೊದಲ ಓದತೈತೋ, ಮಷಿನ್ ಮೊದಲ ಓದತೈತೋ?"

"ಕೂಸು ನಮ್ಮದ್ರಿ, ಅದು ಓದೂದ ಖರೆ. ಮಷಿನ್ ನಿಮ್ಮದು, ಅದರ ಹಣೇಬರಾ ನೀವ ನೋಡ್ಕೋರಿ," ಎಂದೆ.

ಗುರುವಾರ ಮುಂಜಾನೆ ಮಾಲೀಕರು ಬಂದು ನಿಂತು ನೋಡಿದರು. ಬಯ್ಯಲಿಲ್ಲ. ಮೆಲ್ಲಗೆ ಹೇಳಿದರು: "ಸೋಮವಾರತನಕ ನೋಡ್ತೇನಿ ತಂಗಿ. ಆಗಲಿಲ್ಲಂದ್ರ ಎರಡೂ ಮಷಿನ್ ವಾಪಸ್ ಕಳಸ್ತೇನಿ." ಮಷಿನ್ ಹೋದರೆ ಅದನ್ನು ನಡೆಸುವ ಕೆಲಸವೂ ಹೋದಂತೆ. ಅಷ್ಟು ಓದಿದ ಮಗಳು ತುಟಿ ಕಚ್ಚಿ ತಲೆ ಆಡಿಸಿದ್ದು ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಅದೇ ಮಧ್ಯಾಹ್ನ ಯಂತ್ರ ಮಾತು ಕೇಳಿತು! ಗಾಜಿನ ಕೆಳಗೆ ದೀಪ ತೆವಳಿತು, ಅಚ್ಚಿನ ಯಂತ್ರ ಕಿರ್ರೆಂದು ಅರಚಿತು. ಹೊರಬಂದ ಹಾಳೆಯಲ್ಲಿ ಹೂಬಳ್ಳಿ, ಅಕ್ಷರ ಎಲ್ಲ ಇದ್ದಲ್ಲೇ ಇದ್ದವು. ಕಲ್ಲು ಕೊಯ್ಯುವವರು, ಮೆರುಗು ಹಾಕುವವರು, ಲಾರಿಯವರು ಎಲ್ಲರೂ ಚಪ್ಪಲಿ ಬಿಟ್ಟು ಸಾಲಾಗಿ ಬಂದು ನೋಡಿದರು. ಮಾಲೀಕರು ಮಾತ್ರ ಅಷ್ಟರಲ್ಲಿ ಊರು ಬಿಟ್ಟಿದ್ದರು, ಬರುವುದು ಸೋಮವಾರವೇ. "ಭಾರಿ ಹುಡಿಗಿ ಬಿಡು, ಎಂಟ ದಿನಕ್ಕ ಪಳಗಿಸಿಬಿಟ್ಲು" ಎಂದು ಒಬ್ಬ. "ಹಿಂಥಾ ಮಗಳು ಯಾರಿಗದಾರ?" ಎಂದು ಇನ್ನೊಬ್ಬ. ನನ್ನ ಎದೆ ಉಬ್ಬಿತು, ಜೊತೆಗೆ ಅಂಜಿಕೆಯೂ ಹುಟ್ಟಿತು. ಅಷ್ಟು ಕಣ್ಣು ಬಿದ್ದರೆ ಏನಾಗುತ್ತದೆಂದು ನನಗೆ ಗೊತ್ತಿಲ್ಲವೇ? ಹೊಸ ಹಾಸು ಮಗ್ಗಕ್ಕೇರಿಸಿದಾಗಲೂ ನಾನು ದೃಷ್ಟಿಬೊಟ್ಟು ಇಡದೆ ಲಾಳಿ ಮುಟ್ಟಿದವನಲ್ಲ.

ಎಲ್ಲರೂ ಹೋದರು. ಮಗಳು ಹಾಲು ಕುಡಿಸಲು ಕೂಸನ್ನು ಒಳಕೋಣೆಗೆ ಒಯ್ದಳು. ನಾನು ಕೂಸಿನ ಕಾಡಿಗೆ ಡಬ್ಬಿ ತೆಗೆದೆ. ಸ್ಕ್ಯಾನರಿನ ಮುಚ್ಚಳ ಎತ್ತಿ, ಕಾಗದಕ್ಕೆ ತಾಗದಿರಲಿ ಎಂದು ಯೋಚಿಸಿ, ಗಾಜಿನ ತಲೆಯ ಕಡೆ, ಅಂಚಿಗೆ ಹತ್ತಿ, ಒಂದು ಸಣ್ಣ ಬೊಟ್ಟು ಇಟ್ಟೆ. ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆ, ಚೆನ್ನಾಗಿ ಹತ್ತಿತು. ಮುಚ್ಚಳ ಹಾಕಿ ಏನೂ ಮಾಡದವನಂತೆ ಕೂತೆ.

ಮುಂದಿನ ಹಾಳೆಯಲ್ಲಿ ಗೆರೆ ಬಂತು. ಕರಿ ಗೆರೆಯಲ್ಲ, ಬಿಳಿಯದು. ಮೇಲಿನಿಂದ ಕೆಳಗಿನವರೆಗೆ ಪ್ರತಿ ಸಾಲಿನಲ್ಲೂ ಒಂದೊಂದು ಅಕ್ಷರವನ್ನು ಸೀಳಿತ್ತು. ಹಾಗೆ ಕೆತ್ತಿದರೆ ಸತ್ತವರ ಹೆಸರೇ ಕೆಡುತ್ತದೆ. ಮಗಳು ತನ್ನ ಅಂಕಿ ತಪ್ಪೆಂದುಕೊಂಡಳು. ಅಗಲದ ಅಂಕಿ ಬದಲಿಸಿದಳು, ಗೆರೆ ಹೋಗಲಿಲ್ಲ. ಬೆಳಕಿನ ಅಂಕಿ ಬದಲಿಸಿದಳು, ಗೆರೆ ಇನ್ನೂ ದಪ್ಪವಾಯಿತು. ಬದಲಿಸಿದ್ದನ್ನೆಲ್ಲ ಒಂದು ವಹಿಯಲ್ಲಿ ಬರೆದಿಡುತ್ತಿದ್ದಳು. ಶುಕ್ರವಾರ ಹೋಯಿತು, ಶನಿವಾರ ಹೋಯಿತು. ಗಾಜು ಒರೆಸಿದಳು, ಕಾಗದ ಇಡುವ ಜಾಗವಷ್ಟನ್ನೇ. ಕೊನೆಗೆ ಅಕ್ಷರವೆಲ್ಲ ಓರೆಯಾಗಿ, ಗಾಳಿಗೆ ಬಿದ್ದ ಜೋಳದಂತೆ ಒಂದೇ ಕಡೆ ಬಾಗಿ ಬರತೊಡಗಿದವು. ಗೆರೆ ಮಾತ್ರ ಅಲ್ಲೇ.

ಭಾನುವಾರ ಕಾರ್ಖಾನೆಗೆ ರಜೆ. ಗರಗಸದ ಸದ್ದಿಲ್ಲ. ನಾವು ಮೂವರೇ. ಮಗಳು ಮೇಜಿನ ಮೇಲೆ ತಲೆ ಇಟ್ಟಳು. ಭುಜ ಅಲುಗುತ್ತಿತ್ತು. ದೊಡ್ಡದು ಮಾಡದೆ ಕಾಗದದ ಅಳತೆಯಲ್ಲೇ ತೆಗೆದು ನೋಡಿದ ಹಾಳೆಗಳು ಕೆಳಗೆ ಬಿದ್ದಿದ್ದವು, ನಾನು ಅವನ್ನು ಆರಿಸಿ ಒಂದರ ಮೇಲೊಂದು ಜೋಡಿಸಿದೆ. ಅಂಚು ಕೂಡಿಸಿ ನೋಡಿದರೆ ಎಲ್ಲ ಹಾಳೆಯಲ್ಲೂ ಗೆರೆ ಒಂದೇ ಜಾಗದಲ್ಲಿ, ಎಡದ ಅಂಚಿನಿಂದ ನಾಲ್ಕು ಬೆರಳು.

ಅದನ್ನು ನಾನು ಬಲ್ಲೆ. ಸೀರೆಯಲ್ಲಿ ಅಲ್ಲೊಂದು ಇಲ್ಲೊಂದು ತಪ್ಪಿದ್ದರೆ ಅದು ನೇಯುವ ಕೈಯದು. ಉದ್ದಕ್ಕೂ ಒಂದೇ ಗೆರೆ ಬಂದರೆ ಅರಿವೆ ನೋಡಬಾರದು, ಹಾಸಿನ ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದ ಫಣಿ ನೋಡಬೇಕು, ಅಲ್ಲೊಂದು ಹಲ್ಲು ಕೆಟ್ಟಿರುತ್ತದೆ. "ಅಳಬ್ಯಾಡವಾ," ಎಂದೆ. "ತಪ್ಪು ನಿನ್ನ ಬರಹದಾಗಿಲ್ಲ. ಮಷಿನ್ ಎಲ್ಲಿಂದ ಓದಾಕ ಸುರು ಮಾಡತೈತಿ, ಅಲ್ಲಿ ಐತಿ." ಬಹಳ ಜಂಬದಿಂದ ಹೇಳಿದೆ. ಮುಚ್ಚಳ ಎತ್ತಿ, ಗಾಜಿನ ತಲೆಯ ಮೇಲೆ ನಾಲ್ಕು ಬೆರಳು ಅಳೆದೆ. ಬೆರಳ ತುದಿಗೆ ನನ್ನದೇ ಬೊಟ್ಟು ಸಿಕ್ಕಿತು.

ಧೋತರದ ತುದಿಯಿಂದ ಒರೆಸಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೈ ಹೋಗಿಯೂ ಇತ್ತು. ಆದರೆ ಮೂರು ದಿನ ಆಕೆ ಬದಲಿಸಿದ ಅಂಕಿಗಳು? ಮೊದಲಿನವೇ ಸರಿಯಿದ್ದವು ಎಂದು ಆಕೆಗೆ ಹೇಳುವವರು ಯಾರು? ಹೇಳದಿದ್ದರೆ ಗೆರೆ ಹೋದರೂ ಓರೆ ಹೋಗುವುದಿಲ್ಲ.

"ಇದು ನಾ ಇಟ್ಟಿದ್ದವಾ," ಎಂದೆ. "ಗುರುವಾರ. ದೃಷ್ಟಿಗೆ."

ಮಗಳು ಎದ್ದು ಬಂದು ನೋಡಿದಳು. "ಇದನ್ನ ನಾ ಮೂರ ದಿನದಿಂದ ನೋಡಾಕತ್ತೇನಿ. ಕಂಪನಿಯವರು ಮಾಡಿದ ಗುರ್ತು ಅಂತ ತಿಳಿದಿದ್ದೆ." ಆಮೇಲೆ ನನ್ನ ಕಡೆ ತಿರುಗಿ, "ಮೂರ ದಿನ ಅಪ್ಪಾ! ಇಲ್ಲೇ ಕುಂತು ನೋಡಿದಿ!"

"ನಾ ಇಟ್ಟಿದ್ದು ಕರೀದು. ಗೆರಿ ಬಂದಿದ್ದು ಬೆಳ್ಳಂದು. ನಂಗೇನ ಗೊತ್ತು?"

ಆಕೆ ಸ್ಪಿರಿಟ್ಟಿನಲ್ಲಿ ಅರಿವೆ ಅದ್ದಿ ಬೊಟ್ಟು ತಿಕ್ಕಿದಳು. ತಿಕ್ಕುತ್ತ ತಿಕ್ಕುತ್ತ ತನಗೇ ಹೇಳಿಕೊಳ್ಳುವಂತೆ ಹೇಳಿದಳು: "ಓದೂಕಿಂತ ಮೊದಲ ಅದು ಬೆಳ್ಳಗ ಅಂದ್ರ ಎಷ್ಟ ಬೆಳ್ಳಗ ಅಂತ ಈ ತಲಿ ಕಡೆ ನೋಡ್ಕೋತೈತಿ. ಇಲ್ಲಿ ಕರಿ ಕಂಡ್ರ ತನ್ನ ಕಣ್ಣ ಮಂಜಾಗೈತಿ ಅಂತ ತಿಳೀತೈತಿ. ಆ ಜಾಗಾನ ಕೆಳಗಿನತನಕ ಬೆಳ್ಳಗ ಮಾಡಿಬಿಡತೈತಿ." ಆ ಯಂತ್ರಕ್ಕೆ ನನಗಿಂತ ಹೆಚ್ಚು ಬುದ್ಧಿಯಿಲ್ಲ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ವಹಿ ತೆಗೆದಳು, ಗುರುವಾರದ ಹಾಳೆಗೆ ಹೋದಳು. ಒಂದೊಂದೇ ಅಂಕಿ ತಿರುಗಿ ಹಾಕಿದಳು. ಕಟ್ಟಿದಳು, ಆರಿಸಿದಳು, ಹಚ್ಚಿದಳು. ಆ ಅರ್ಧ ತಾಸಿನಲ್ಲಿ ಕೂಸು ಅತ್ತಿತು. ಈ ಸಲ ಆಕೆ "ಒಂದ ನಿಮಿಷ" ಎನ್ನಲಿಲ್ಲ. ಬಂದು ಎತ್ತಿಕೊಂಡಳು. ನಾನು ಒಬ್ಬನೇ ಪರದೆಯ ಮುಂದೆ ಕೂತು, ಓದಲು ಬಾರದ ಹಸಿರು ಅಕ್ಷರಗಳನ್ನು ಕಾದೆ. ಹಾಳೆ ಬಂತು. ಸಾಲು ನೇರ, ಗೆರೆ ಇಲ್ಲ. ಆಕೆ ಹಾಳೆ ಎತ್ತಿಟ್ಟು, ಕೂಸನ್ನು ನನ್ನ ಕೈಗೆ ಕೊಡದೆ, ಮನೆಯವರೆಗೂ ನನ್ನ ಮುಂದೆ ಮುಂದೆ ನಡೆದಳು.

ಸೋಮವಾರ ಮುಂಜಾನೆ ಮಾಲೀಕರ ಜೀಪು ಒಳಗೆ ಬರುವ ಸದ್ದಾಯಿತು. ಕೂಸನ್ನು ಅಪ್ಪಿಕೊಂಡು ನಾನು ಯಂತ್ರದಿಂದ ದೂರ, ಗೋಡೆಗೆ ಹತ್ತಿ ನಿಂತಿದ್ದೆ. ಮಗಳು ನನ್ನ ಕಡೆ ಕೈ ಚಾಚಿದಳು.

"ಏನವಾ?"

"ಕಾಡಿಗಿ ಡಬ್ಬಿ."

ಕೊಟ್ಟೆ. ಆಕೆ ಬಗ್ಗಿ, ಸ್ಕ್ಯಾನರಿನ ಹಿಂಬದಿಗೆ, ಗೋಡೆಯ ಕಡೆ ಯಾರಿಗೂ ಕಾಣದಲ್ಲಿ ಒಂದು ಬೊಟ್ಟು ಇಟ್ಟಳು. ಉಳಿದದ್ದನ್ನು ಕೂಸಿನ ಕೆನ್ನೆಗೆ ಒರೆಸಿದಳು. "ಇನ್ನ ನೀ ಏನೂ ಮುಟ್ಟಬ್ಯಾಡ," ಎಂದು ನನಗೆ ಹೇಳಿ, ಕಾಗದ ಕೈಗೆ ತೆಗೆದುಕೊಂಡು ಮಾಲೀಕರಿಗೆ "ಬರ್ರಿ" ಎಂದಳು.