ಸಾಹೇಬರ ತಾಟಿಗೆ ಬಿದ್ದ ರಂಜಕ

ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಬಿಜಾಪುರ ಕಡೆಯ ಅಕ್ಕನೊಬ್ಬಳ ಖಾನಾವಳಿ ಇದೆ. ಬೋರ್ಡಿಲ್ಲ, ಫ್ಯಾನೂ ನೆಟ್ಟಗಿಲ್ಲ. ಕೆಂಪು ಮೆಣಸಿನಕಾಯಿ ಅರೆದು ಮಾಡುವ ಅವಳ ರಂಜಕಕ್ಕಾಗಿಯೇ ಜನ ರೊಟ್ಟಿ ತಿನ್ನಲು ಬರುತ್ತಾರೆ. ಬೇಕೇ ಎಂದು ಅಲ್ಲಿ ಕೇಳುವುದಿಲ್ಲ; ತಾಟಿನಲ್ಲಿ ರಂಜಕ ಮುಗಿದರೆ ಮತ್ತೆ ಬೀಳುತ್ತದೆ. ಸಾಕೆನ್ನುವವರು ಚೂರು ಉಳಿಸಿ, ಮೇಲೆ ರೊಟ್ಟಿ ಮುಚ್ಚಬೇಕು.

ನಾನು ಡಬ್ಬಿ ತೆರೆದಾಗಲೆಲ್ಲ "ತುಮ್ಹಾರಾ ಸಾಂಬಾರ್ ತೋ ಶರಬತ್ ಹೈ" ಎಂದು, ಖಾರವೇ ಇಲ್ಲವೆಂದು ಆಡಿಕೊಂಡು, ಇಡೀ ಆಫೀಸನ್ನು ನಗಿಸುವ ನಮ್ಮ ಸಾಹೇಬರನ್ನು ಕಳೆದ ಶನಿವಾರ ಅಲ್ಲಿಗೆ ಊಟಕ್ಕೆ ಕರೆದೊಯ್ದೆ. ದಾರಿಯಲ್ಲಿ ಎಲ್ಲವನ್ನೂ ವಿವರಿಸಿದೆ, ರೊಟ್ಟಿ ಮುಚ್ಚುವ ಸಂಗತಿಯೊಂದನ್ನು ಬಿಟ್ಟು.

ಮೊದಲ ತುತ್ತಿಗೇ ಅವರ ಕಿವಿ ಕೆಂಪಾದವು. ನನ್ನೆದುರು ಸೋಲಬಾರದೆಂದು ಅಷ್ಟನ್ನೂ ಗಬಗಬನೆ ಮುಗಿಸಿದರು. ಅಕ್ಕ ಮತ್ತೊಂದು ಚಮಚ ಹಾಕಿದಳು. ಅದನ್ನೂ ಮುಗಿಸಿದರು. ಮತ್ತೆ ಬಿತ್ತು.

"ನಿಮ್ಮ ಸಾಹೇಬ್ರು ಭಾರಿ ಗಟ್ಟಿ ಅದಾರ ನೋಡ್ರಿ," ಎಂದಳು ಅಕ್ಕ, ಮೆಚ್ಚಿಕೊಂಡು.

"ಹೌದಕ್ಕಾ, ಇನ್ನೂ ಸ್ವಲ್ಪ ಹಾಕಿ," ಎಂದೆ.

ಸಾಹೇಬರು ಮೂಗೊರೆಸಿಕೊಳ್ಳುತ್ತ ಬಿಕ್ಕಳಿಸತೊಡಗಿದರು. ಸದಾ ಹೊಟ್ಟೆಯ ಚಿಂತೆಯಲ್ಲೇ ಬದುಕುವ ನನ್ನ ಜೇಬಿನಲ್ಲಿ ಆಸಿಡಿಟಿ ಮಾತ್ರೆ ಇದ್ದೇ ಇರುತ್ತದೆ. ಅವರಿಗೆ ಕೊಡಲಿಲ್ಲ. ಸೋಮವಾರದ ಆಫೀಸು ನೆನಪಾಗಿ ನಾನೇ ನುಂಗಿದೆ.