ಮಾತ್ರೆ ಡಬ್ಬಿಯ ಹನ್ನೊಂದು ಮನೆಗಳು

ಪುರಸಭೆಯ ಆರ್ಥಿಕ ಪುನಶ್ಚೇತನ ಯೋಜನೆಯಿಂದ ಎರಡು ಸಾವಿರ ಜನಕ್ಕೆ ಕೆಲಸ ಸಿಗುತ್ತದೆ ಅಂದದ್ದು ಬರೀ ಬುರುಡೆ ಎಂದು ಆಡಿಕೊಳ್ಳುವವರಿದ್ದಾರೆ. ಅವರ ಮಾತು ನಂಬಬೇಡಿ. ಒಬ್ಬಳಿಗೆ ಸಿಕ್ಕಿದೆ. ಬಾಕಿ ಇರುವುದು ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಅಷ್ಟಕ್ಕೆಲ್ಲ ತಕರಾರು ತೆಗೆಯುವುದು ದೊಡ್ಡವರ ಲಕ್ಷಣವಲ್ಲ.

ಆ ಒಬ್ಬಳು ಧೂಳಕ್ಕ. ಪುರಸಭೆಯ ಮುಂಬಾಗಿಲು ದಾಟಿದೊಡನೆ ಎರಡು ಮಂಚ ಜೋಡಿಸಿದಷ್ಟು ಅಗಲದ ಒಂದು ಮಾದರಿ ಊರಿದೆ. ಥರ್ಮೋಕೋಲಿನ ಕಾರ್ಖಾನೆ, ರಟ್ಟಿನ ಬಹುಮಹಡಿಯಲ್ಲಿ ಒಂಬೈನೂರು ಮನೆ, ಅಕ್ಕಿಕಾಳಿನಷ್ಟು ಜನ. ಆ ಜನರೋ, ಎಂಥ ಸಭ್ಯರು ಅಂತೀರಿ. ರಸ್ತೆಗೆ ಉಗುಳುವುದಿಲ್ಲ, ನಲ್ಲಿಯ ಮುಂದೆ ಜಗಳವಾಡುವುದಿಲ್ಲ, ಅರ್ಜಿ ಹಿಡಿದು ಬಂದು ಯಾರ ಪ್ರಾಣವನ್ನೂ ಹಿಂಡುವುದಿಲ್ಲ. ಇಂಥ ಊರಿಗೆ ಧೂಳು ಹಿಡಿದರೆ ಆದೀತೆ? ಪ್ರತಿ ಸೋಮವಾರ ಕಾವಲುಗಾರ ಗಾಜಿನ ಮುಚ್ಚಳ ಎತ್ತುತ್ತಾನೆ, ಧೂಳಕ್ಕ ಸಣ್ಣ ಕುಂಚ ಹಿಡಿದು ಒಂದೊಂದೇ ಚಾವಣಿ ಗುಡಿಸುತ್ತಾಳೆ. ಆರು ವರ್ಷದಿಂದ ಗುಡಿಸುತ್ತಿದ್ದಾಳೆ. ಅಷ್ಟರಲ್ಲಿ ಇಬ್ಬರು ಅಧ್ಯಕ್ಷರು, ಮೂವರು ಎಂಜಿನಿಯರುಗಳು ಬದಲಾದರು. ಬಂದವರೆಲ್ಲ ಅದರ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, ಇನ್ನು ಹದಿನೆಂಟೇ ತಿಂಗಳು ಅಂದರು. ಹದಿನೆಂಟು ಎಂಬ ಲೆಕ್ಕ ಮಾತ್ರ ಯಾರ ಕಾಲದಲ್ಲೂ ಹೆಚ್ಚುಕಡಿಮೆಯಾಗಲಿಲ್ಲ.

ಧೂಳಕ್ಕನ ಚಿಂತೆ ಬೇರೆಯೇ ಇತ್ತು. ಮುಚ್ಚಿದ ನೂಲಿನ ಗಿರಣಿಯ ಹಿಂದೆ ಒಂದು ಓಣಿ, ಅದರಲ್ಲಿ ಹನ್ನೊಂದು ಮನೆ. ಗಿರಣಿಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಅಲ್ಲಿ ಅವಳು ಮತ್ತು ಅವಳ ಅತ್ತೆ. ಮೂವತ್ತು ವರ್ಷದ ಹಿಂದೆ ಗಿರಣಿಯ ಮಾಲೀಕರು ಮನೆಗಳನ್ನು ಬಾಯಿಮಾತಿನಲ್ಲಿ ಕೊಟ್ಟಿದ್ದರು, ಕಾಗದ ಕೊಟ್ಟಿರಲಿಲ್ಲ. ಗಾಜಿನೊಳಗಿನ ಊರಿನಲ್ಲಿ ಅದೇ ಜಾಗದಲ್ಲಿ ಉದ್ಯಾನ, ನೀಲಿ ಗಾಜಿನ ಕೊಳ, ಕೊಳದಲ್ಲಿ ಎರಡು ಪ್ಲಾಸ್ಟಿಕ್ ಬಾತುಕೋಳಿ.

ಒಂದು ದಿನ ಧೈರ್ಯ ಮಾಡಿ ಎಂಜಿನಿಯರನ್ನೇ ಕೇಳಿದಳು. ಅವರು ಪೆನ್ಸಿಲಿನ ತುದಿಯಿಂದ ಕೊಳ ತೋರಿಸಿ, "ಅಲ್ಲಿ ಯಾರೂ ಇಲ್ಲಮ್ಮ. ದಾಖಲೆಯಲ್ಲಿ ಖಾಲಿ ಜಾಗ" ಅಂದರು.

"ನಾನಿದೀನಲ್ಲ ಸಾರ್."

"ನೀವು ಉದ್ಯೋಗದಲ್ಲಿದೀರಿ. ವಸತಿ ಬೇರೆ ಕಾಲಂ."

ತಿಂಗಳೊಳಗೆ ಹನ್ನೊಂದು ಬಾಗಿಲಿಗೂ ನೋಟಿಸು ಅಂಟಿತು. ಯಾರೂ ಇಲ್ಲದ ಜಾಗವನ್ನು ಮೂವತ್ತು ದಿನದಲ್ಲಿ ತೆರವು ಮಾಡಬೇಕಂತೆ. ಓಣಿಯವರು ಪುರಸಭೆಗೆ ಎಡತಾಕಿ ಚಪ್ಪಲಿ ಸವೆಸಿದರು. ಇಲ್ಲದವರ ಅರ್ಜಿಯನ್ನು ಯಾವ ಗುಮಾಸ್ತ ತಾನೇ ತೆಗೆದುಕೊಂಡಾನು?

ಅತ್ತೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಸಕ್ಕರೆ ಕಾಯಿಲೆಯ ಮಾತ್ರೆಯ ಖಾಲಿ ಡಬ್ಬಿಗಳನ್ನು ಮುಂದೆ ಹರಡಿಕೊಂಡು, ಕತ್ತರಿ ಅಂಟು ಹಿಡಿದು ಕೂತಳು. ನಾಲ್ಕು ದಿನದಲ್ಲಿ ಹನ್ನೊಂದು ಮನೆ ಎದ್ದವು. ದರ್ಜಿಯ ಮನೆಯ ಗೋಡೆ ಇದ್ದ ಹಾಗೇ ಎಡಕ್ಕೆ ವಾಲಿತ್ತು. ತಮ್ಮ ಮನೆಯ ಬಾಗಿಲಿಗೆ ಅರ್ಧ ಮಾತ್ರ ನೀಲಿ, ಯಾಕೆಂದರೆ ನಿಜವಾದ ಬಾಗಿಲಿಗೂ ಬಣ್ಣ ಅಷ್ಟೇ ಸಾಕಾಗಿತ್ತು. ಇವನ್ನು ಒಯ್ದು ಆ ಕೊಳದ ಜಾಗದಲ್ಲಿ ಅಂಟಿಸು ಅಂದಾಗ ಧೂಳಕ್ಕ, ಗೊತ್ತಾದರೆ ಇರುವ ಕೆಲಸವೂ ಹೋಗುತ್ತದೆ ಎಂದು ಗೋಗರೆದಳು.

"ಹೋದ್ರೆ ಹೋಗ್ಲಿ ಬಿಡೇ" ಅಂದಳು ಅತ್ತೆ. "ಮನೆ ಹೋದ್ರೆ, ಕೆಲಸ ಹೋಯ್ತು ಅಂತ ಅಳೋದಾದ್ರೂ ಎಲ್ಲಿ ಕೂತ್ಕೊಂಡು ಅಳ್ತೀಯ?"

ಸೋಮವಾರ ಕಾವಲುಗಾರ ಮುಚ್ಚಳ ಎತ್ತಿಟ್ಟು ಚಹಾಕ್ಕೆ ಹೋದಾಗ ಅವಳು ಕೊಳ ಕಿತ್ತಳು, ಬಾತುಕೋಳಿಗಳನ್ನು ಸೆರಗಿನಲ್ಲಿ ಕಟ್ಟಿಕೊಂಡಳು, ಓಣಿಯನ್ನು ಅಂಟಿಸಿದಳು.

ಗುರುವಾರ ಮೇಲಿನಿಂದ ಪರಿಶೀಲನಾ ಸಮಿತಿ ಬಂತು. ಮುಖ್ಯಸ್ಥರು ಮಾದರಿಯ ಸುತ್ತ ಒಂದು ಸುತ್ತು ಹಾಕಿ, ಇದರಲ್ಲಿ ಬಡವರಿಗೇನಿದೆ ಎಂದು ಕೇಳಿಬಿಟ್ಟರು. ಇಂಥ ಪ್ರಶ್ನೆಯನ್ನು ಆರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅಧ್ಯಕ್ಷರ ಬೆರಳು ಗಾಜಿನ ಮೇಲೆ ತಡಕಾಡಿ, ಬಡವರ ಮನೆಯಂತೆ ಕಂಡ ಒಂದೇ ಜಾಗದ ಮೇಲೆ ನಿಂತಿತು. ವಾಲಿದ ಗೋಡೆಯನ್ನು ನೋಡಿ ಮುಖ್ಯಸ್ಥರು, ಎಷ್ಟು ಜೀವಂತವಾಗಿದೆ ಎಂದು ತಲೆದೂಗಿದರು. ಮರುದಿನದ ಪತ್ರಿಕೆಯಲ್ಲಿ ಬೆರಳು, ಓಣಿ ಎರಡೂ ಅಚ್ಚಾದವು.

ಎಂಜಿನಿಯರು ನಕ್ಷೆ ಬಿಚ್ಚಿದರು. ನಕ್ಷೆಯಲ್ಲಿ ಕೊಳ, ಪತ್ರಿಕೆಯಲ್ಲಿ ಮನೆ. ಮಾದರಿಯೇ ತಪ್ಪು ಅಂದರೆ ಅಧ್ಯಕ್ಷರ ಬೆರಳೂ ತಪ್ಪಾಗುತ್ತದೆ. ಹಾಗಾಗಿ ನಕ್ಷೆಯೇ ತಪ್ಪೆಂದು ತೀರ್ಮಾನವಾಯಿತು. ಮೂವತ್ತು ವರ್ಷದಲ್ಲಿ ಆಗದ ತಿದ್ದುಪಡಿ ಒಂದೇ ಮಧ್ಯಾಹ್ನದಲ್ಲಿ ಆಯಿತು. ಧೂಳಕ್ಕನ ಕಡೆ ಒಮ್ಮೆ ನೋಡಿದ ಎಂಜಿನಿಯರು ಏನೂ ಕೇಳಲಿಲ್ಲ. ಕೇಳಿದ್ದರೆ ಉತ್ತರವನ್ನೂ ಕಡತಕ್ಕೆ ಸೇರಿಸಬೇಕಾಗುತ್ತಿತ್ತು.

ನಕ್ಷೆಗೆ ಮನೆ ಬಂದ ಮೇಲೆ ಸ್ಥಳ ಪರಿಶೀಲನೆ ನಡೆಯಿತು. ಮನೆಗಳು ಆಗಲೇ ಎದ್ದು ನಿಂತಿದ್ದವು. ಒಂದು ಇಟ್ಟಿಗೆಯನ್ನೂ ಇಡದೆ ಮೊದಲ ಹಂತ ಅವಧಿಗೆ ಮುನ್ನವೇ ಮುಗಿದಿತ್ತು. ಇದಕ್ಕಿಂತ ದಕ್ಷತೆ ಬೇಕೇ? ಕೀಲಿಕೈ ಹಸ್ತಾಂತರ ಸಮಾರಂಭ ಗೊತ್ತಾಯಿತು.

ಆ ಬೆಳಿಗ್ಗೆ ಗುಮಾಸ್ತ ಮನೆಮನೆಗೂ ಬಂದ. ಕೊಡಲು ಕೀಲಿಕೈ ಬೇಕಲ್ಲ, ನಿಮ್ಮದನ್ನು ಸ್ವಲ್ಪ ಹೊತ್ತಿಗೆ ಕೊಡಿ ಎಂದು ಬೇಡಿಕೊಂಡ. ನಾನು ಒಳಗೇ ಇರ್ತೀನಿ, ಬೀಗ ಹಾಕ್ಕೊಂಡು ಹೋಗು ಎಂದಳು ಅತ್ತೆ. ಹೊಸ ಮನೆಯೊಳಗೆ ಮೊದಲೇ ಅಜ್ಜಿ ಇದ್ದರೆ ಫೋಟೋದಲ್ಲಿ ಚೆನ್ನಾಗಿ ಬರಲ್ಲಮ್ಮ ಎಂದು ಅವನು ಕೈಮುಗಿದ. ಹೀಗೆ ಹನ್ನೊಂದು ಸಂಸಾರ ತಮ್ಮ ಮನೆಗೆ ತಾವೇ ಬೀಗ ಜಡಿದು, ನಡುಮಧ್ಯಾಹ್ನದವರೆಗೆ ಶಾಮಿಯಾನದಡಿ ಭಾಷಣ ಕೇಳಿದವು.

ಧೂಳಕ್ಕನ ಸರದಿ ಬಂತು. ಕೆಂಪು ರಿಬ್ಬನ್ನು ಕಟ್ಟಿಸಿಕೊಂಡು ಅವಳದೇ ಕೀಲಿಕೈ ವಾಪಸು ಬಂತು, ಜೊತೆಗೊಂದು ಹಕ್ಕುಪತ್ರ. ಹೊಸ ಮನೆ ಹೇಗಿದೆಯಮ್ಮ ಎಂದು ಅಧ್ಯಕ್ಷರು ಮೈಕು ಚಾಚಿದರು. ಅವಳಿಗೆ ಕೇಳಿಸಲೇ ಇಲ್ಲ. ಬೆರಳಿಟ್ಟು ಓದುತ್ತಿದ್ದಳು: ಪೂರ್ವಕ್ಕೆ ದರ್ಜಿಯ ಮನೆ, ಪಶ್ಚಿಮಕ್ಕೆ ಗಿರಣಿಯ ಗೋಡೆ, ಕೆಳಗೆ ದುಂಡನೆಯ ಮೊಹರು. ಕಣ್ಣು ತುಂಬಿ ಅಕ್ಷರ ಕಲಸಿಹೋದವು.

ವೇದಿಕೆಯಿಂದ ಕೆಳಗಿಳಿದು ಬಂದವಳ ಕಿವಿಗೆ ಅತ್ತೆ ಬಾಯಿಟ್ಟಳು. "ಕಟ್ಟಿದ್ದು ಯಾವ ವರ್ಷ ಅಂತ ಬರ್ದಿದಾರೆ?"

"ಇದೇ ವರ್ಷ, ಅತ್ತೆ."

"ಅಡುಗೆಮನೆ ಸೋರುತ್ತೆ ಅಂತ ಎಲ್ಲಾದ್ರೂ ಇದೆಯಾ?"

"ಇಲ್ಲ."

"ಹಾಗಾದ್ರೆ ಇವತ್ತೇ ಒಂದು ಅರ್ಜಿ ಬರಿ. ವರ್ಷ ತುಂಬದ ಮನೆ ಸೋರಿದ್ರೆ ಕಟ್ಟಿದೋರೇ ರಿಪೇರಿ ಮಾಡಿಸ್ಬೇಕು."

ಧೂಳಕ್ಕ ಕಣ್ಣೊರೆಸಿಕೊಂಡು, ಒಂದು ಬಿಳಿ ಹಾಳೆ ಕೊಡಿ ಎಂದು ಎಂಜಿನಿಯರನ್ನೇ ಕೇಳಲು ಹೋದಳು.